ಎಡಗಡೆ ನಡೆದವರು

ಸೋಮವಾರ, ಬೆಳಿಗ್ಗೆ

ಪ್ರೀತಿಯ ಸಣ್ಣಿಗೆ ಅಕ್ಕನ ಮಮತೆ.

ಫೋನು ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ಮಾತಾಡಿದರೆ ಮನೆಯಲ್ಲಿ ಕೇಳಿಸುತ್ತದೆ. ಒಂಟಿಯಾಗಿರುವವಳ ಮನೆಯಲ್ಲಿ ಕೇಳಿಸಿಕೊಳ್ಳುವವರು ಯಾರು ಎಂದು ಈಗಲೇ ಶುರು ಮಾಡಬೇಡ. ಶಾಲೆಯಲ್ಲಿ ಪಕ್ಕದವರು ನೋಡಿ ಬರೆದುಕೊಳ್ಳಬಾರದೆಂದು ಎಡಗೈ ಅಡ್ಡ ಇಟ್ಟುಕೊಳ್ಳುತ್ತಿದ್ದೆವಲ್ಲ, ಹಾಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಮೊದಲು ನಿನಗೆ ಬೇಕಾದ ಸುದ್ದಿ. ನಮ್ಮ ಆಫೀಸಿನ ಕನ್ನಡಕದವರು ಮುಂದಿನ ವಾರ ಮತ್ತೆ ನಿನ್ನ ಕೊಟ್ಟಿಗೆ ನೋಡಲು ಬರುತ್ತಾರೆ. ಬರಲಿ. ಈ ಸಲ ನಿನ್ನ ಹಾಲಿನ ಪ್ಯಾಕೆಟ್ಟಿನ ಮೇಲೆ ಹಸುಗಳನ್ನು ಚೆನ್ನಾಗಿ ಸಾಕಿದ್ದಾರೆ ಎನ್ನುವ ನಮ್ಮ ‘ಅಕ್ಕರೆ’ ಗುರುತು ಬಿದ್ದೇ ಬೀಳುತ್ತದೆ. ಆ ಗುರುತಿಲ್ಲದ ಹಾಲನ್ನು ಡೇರಿಯವರು ಇನ್ನು ಮುಟ್ಟುವುದಿಲ್ಲವಂತೆ, ಹಸುಗಳನ್ನೆಲ್ಲ ಮಾರಿ ಕೈ ತೊಳೆದುಕೊಳ್ಳಬೇಕು ಎಂದು ನೀನು ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಳುತ್ತಲೇ ನನಗೂ ಬೈದೆ. ‘ಒಂದಿನಾನೂ ಕೋಲು ಹಿಡಿದೋಳಲ್ಲ ನಾನು. ಹಸುಗಳಿಗೆ ಮನುಷ್ಯರ ಭಯ ಇದೆ ಅಂತ ಬರೆದುಬಿಟ್ರಲ್ಲ ನಿಮ್ಮೋರು, ಅವರ ಕನ್ನಡಕಕ್ಕೇನು ಮಂಜು ಹಿಡಿದಿತ್ತಾ’ ಎಂದು ಕೇಳಿದೆ. ಮಂಜು ಹಿಡಿಯುವ ಕನ್ನಡಕವಲ್ಲ ಅದು, ನನಗೆ ಗೊತ್ತು. ಆದರೆ ನೀನು ನನ್ನ ತಂಗಿ. ನೆಂಟರ ಕೊಟ್ಟಿಗೆಯನ್ನು ನಾವು ಪರೀಕ್ಷಿಸುವಂತಿಲ್ಲ, ಆದರೆ ಅಕ್ಕ ತಂಗಿಯ ಮನೆಗೆ ಹೋಗಬಾರದೆಂದು ಯಾವ ನಿಯಮವೂ ಇಲ್ಲ. ಅದಕ್ಕೇ ಶನಿವಾರ ಹೇಳದೆ ಕೇಳದೆ ಬಂದು ಇಳಿದದ್ದು.

ನಮ್ಮ ಕೆಲಸ ನಿನಗೆ ಎಷ್ಟು ಸಲ ಹೇಳಿಲ್ಲ! ನೀರು ನೋಡುತ್ತೇವೆ, ಮಲಗುವ ಜಾಗ ನೋಡುತ್ತೇವೆ, ಗೊರಸು ಎತ್ತಿ ನೋಡುತ್ತೇವೆ. ಆದರೆ ಹಸುವನ್ನೇ ಕೇಳುವ ಪರೀಕ್ಷೆ ಒಂದೇ. ಕೈ ಮುಂದೆ ಚಾಚಿಕೊಂಡು ನಿಧಾನವಾಗಿ ಅದರ ಮೂತಿಯ ಕಡೆಗೆ ನಡೆಯುವುದು. ಮುಟ್ಟಿಸಿಕೊಂಡರೆ, ಆ ಮನೆಯಲ್ಲಿ ಕೈ ಎಂದರೆ ಮೇವು. ಹಿಂದೆ ಸರಿದರೆ, ಕೈ ಎಂದರೆ ಬೇರೆ ಏನೋ. ಮುಖ ನೋಡಿ ಮಣೆ ಹಾಕುವುದು ಹಸುವಿಗೆ ಬರುವುದಿಲ್ಲ.

ನಿನ್ನ ಯಜಮಾನರು ಕೊಟ್ಟಿಗೆಯ ನಡುದಾರಿಯಲ್ಲಿ ಕುಸಿದು ಬಿದ್ದು ತೀರಿಹೋದ ದಿನ ನೆನಪಿದೆಯಲ್ಲ. ಎರಡು ಕಡೆಯ ಹಸುಗಳೂ ಮೇವು ಬಿಟ್ಟು ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಮೂಕಪ್ರಾಣಿಗಳಿಗೂ ಧಣಿಯ ಮೇಲೆ ಎಂಥ ಗೌರವ ಎಂದು ಬಂದವರೆಲ್ಲ ಕಣ್ಣೊರೆಸಿಕೊಂಡರು. ಈ ಕಸುಬಿನಲ್ಲಿ ತಲೆ ನರೆತ ನಾನೂ ಒರೆಸಿಕೊಂಡೆ. ‘ನಿಮ್ಮಕ್ಕ ಒಂದು ಸಲಾನಾದ್ರೂ ನನ್ನ ಬಾಯ್ತುಂಬ ಮನೆಗೆ ಕರೆದಿದ್ದಾಳಾ’ ಎಂದು ಅವರು ನಿನ್ನನ್ನು ಹಂಗಿಸುತ್ತಿದ್ದುದು ನೆನಪಾಗಿ ಪಾಪ ಅನ್ನಿಸಿತ್ತು. ಕರೆದಿರಲಿಲ್ಲ, ನಿಜ. ಮನಸ್ಸು ಬಂದಿರಲಿಲ್ಲ.

ಶನಿವಾರ ಅದೇ ದಾರಿಯಲ್ಲಿ ನಾನು ಮುಂದೆ, ನೀನು ಬಕೆಟ್ಟು ಹಿಡಿದು ಹಿಂದೆ. ಬಲಗಡೆ ಮೊದಲಿಗೇ ನಿನ್ನ ಮುದುಕಿ ಹಸು. ಕೈ ಚಾಚುವುದರೊಳಗೆ ಅಂಗೈ ನೆಕ್ಕಿತು, ನಾಲಿಗೆ ಒರಟಾಗಿ ಬಿಸಿಯಾಗಿತ್ತು. ಅದರ ಪಕ್ಕದ್ದೂ ಮೂತಿ ಕೊಟ್ಟಿತು, ಅದರಾಚೆಯದೂ ಕೊಟ್ಟಿತು. ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡು ಎಡಗಡೆ ನೋಡಿದೆ. ಆ ಸಾಲಿನ ಹಸುಗಳು ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದವು. ನಾನು ಅವುಗಳ ಕಡೆ ತಿರುಗಿಯೂ ಇರಲಿಲ್ಲ. ನಾನು ಹೆಜ್ಜೆ ಇಟ್ಟ ಹಾಗೆಲ್ಲ ಒಂದಾದ ಮೇಲೊಂದು, ಸೀರೆಯ ನೆರಿಗೆ ಹಿಡಿದ ಹಾಗೆ, ಸರಿಯುತ್ತಾ ಹೋದವು. ನಾನು ನಿಂತೆ. ಅವು ನಿಲ್ಲಲಿಲ್ಲ. ನನಗಿಂತ ಮುಂದಿದ್ದ ಒಂದು ಹಸು ಸರಿಯಿತು, ಅದರ ಮುಂದಿನದೂ ಸರಿಯಿತು. ಆಮೇಲೆ ಸರಿಯುವುದು ನಿಂತಿತು, ನಾನು ಬರಲಿ ಎಂದು ಯಾರೋ ಕಾಯುತ್ತಿದ್ದ ಹಾಗೆ.

ವಾಪಸು ಬರುವಾಗ ಸಾಲು ಅದಲುಬದಲಾಯಿತಲ್ಲ. ಆಗಷ್ಟೇ ಗೋಡೆಗೆ ಒತ್ತಿಕೊಂಡಿದ್ದವು ಈಗ ನನ್ನ ಬಲಗಡೆ. ಅವು ಹತ್ತಿರ ಬಂದು ನನ್ನ ಕೈ ಮೂಸಿದವು. ನನ್ನ ಅಂಗೈ ನೆಕ್ಕಿದ ಮುದುಕಿ ಈಗ ಎಡಗಡೆ, ಅದು ಕಣ್ಣು ಬೆಳ್ಳಗೆ ಮಾಡಿಕೊಂಡು ಹಿಂದೆ ಹೋಯಿತು. ಬಂದವರಿಗೆ ಕೊಟ್ಟಿಗೆ ತೋರಿಸುವಾಗ ನಿನ್ನ ಯಜಮಾನರು ಯಾವಾಗಲೂ ಅವರ ಎಡಗಡೆ ನಡೆಯುತ್ತಿದ್ದರಲ್ಲ. ಹೋದ ಸಲ ಕನ್ನಡಕದವರ ಜೊತೆಯೂ ಹಾಗೇ ನಡೆದಿರಬೇಕು, ಸತ್ತ ಮೇಲೂ.

ಇದೆಲ್ಲ ನನ್ನ ಭ್ರಮೆ ಎಂದು ತಳ್ಳಿಹಾಕುತ್ತಿದ್ದೆನೇನೋ. ಆದರೆ ಹಿಂತಿರುಗಿ ನಿನ್ನನ್ನು ನೋಡಿದೆ. ಹಿಂಡಿ ಯಾಕೋ ಈಗೀಗ ಚೆನ್ನಾಗಿ ಬರ್ತಿಲ್ಲ ಅಕ್ಕ ಎನ್ನುತ್ತಿದ್ದೆ. ಹಾಗೆನ್ನುತ್ತಲೇ ಬಕೆಟ್ಟನ್ನು ಎದೆಗೆ ಅವಚಿಕೊಂಡು, ಭುಜ ಓರೆ ಮಾಡಿ, ಕಂಬಕ್ಕೆ ಒತ್ತಿಕೊಂಡು ನಿಂತೆ. ಯಾರೋ ದಾಟಿ ಹೋಗುವಷ್ಟು ಜಾಗ ಬಿಟ್ಟೆ. ಆಮೇಲೆ ಮತ್ತೆ ನಡೆದೆ. ಮಾತು ಒಂದು ಕ್ಷಣವೂ ನಿಲ್ಲಲಿಲ್ಲ. ನೀನು ಹಾಗೆ ಮಾಡಿದ್ದು ನಿನಗೇ ಗೊತ್ತಿಲ್ಲ, ಸಣ್ಣಿ.

ಅಡುಗೆಮನೆಯಲ್ಲಿ ನೀನು ಕಾಫಿ ಸೋಸಿದೆ. ಕಿಟಕಿ ಪಕ್ಕದ ಅವರ ಕುರ್ಚಿ ಖಾಲಿ ಇದ್ದರೂ ನೀನು ಸ್ಟೂಲು ಎಳೆದುಕೊಂಡೆ. ಬಿಸಿ ಪಾತ್ರೆಯನ್ನು ಆ ಕುರ್ಚಿಯಲ್ಲಿ ಕೂತವರ ಕೈಗೆ ಸಿಗದಷ್ಟು ದೂರ ಸರಿಸಿದೆ. ನಾನು ತಡೆಯಲಾರದೆ ಕೇಳಿಯೇಬಿಟ್ಟೆ, ಅವರು ಕೈ ಎತ್ತುತ್ತಿದ್ದರೇ ಎಂದು. ನೀನು ಲೋಟ ನೋಡುತ್ತಾ ಕೇಳಿದೆ: ‘ಹಸುಗಳ ಮೇಲಾ?’

ಅಷ್ಟು ಸಾಕಾಯಿತು ನನಗೆ. ನಾನು ಅಳಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ, ನನಗೆ ಸಿಟ್ಟು ಬಂದರೆ ಕಣ್ಣೀರು ಬರುವುದಿಲ್ಲ. ಕಾರಿನಲ್ಲಿ ಏನೋ ಮರೆತಿದ್ದೇನೆ ಎಂದು ಹೊರಗೆ ಹೋಗಿ ಬಂದೆ. ಬಂದವಳೇ ನಿನ್ನ ರಟ್ಟೆ ಹಿಡಿದು ಇನ್ನೊಂದು ಸುತ್ತಿಗೆ ಎಬ್ಬಿಸಿದೆ.

ಆ ಸುತ್ತನ್ನು ನಾನು ಸಾಯುವತನಕ ಮರೆಯುವುದಿಲ್ಲ. ನೀನು ಕೈ ಚಾಚಿ ನಡೆದೆ. ಎಡಗಡೆಯ ಸಾಲು ಮೊದಲು ಕಿವಿ ಮುಂದೆ ಮಾಡಿ ನೋಡಿತು. ಆಮೇಲೆ ಒಂದು ಮೂತಿ ಮುಂದೆ ಬಂತು, ಇನ್ನೊಂದು ಬಂತು. ಮುದುಕಿ ನಿನ್ನ ಸೆರಗನ್ನೇ ಬಾಯಿಗೆ ಹಾಕಿಕೊಂಡಿತು, ನೀನು ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆ ಕಿಲಕಿಲ ನಕ್ಕುಬಿಟ್ಟೆ. ‘ಏನ್ ಮಾಡ್ದೆ ಅಕ್ಕಾ’ ಎಂದು ಕೇಳಿದೆ. ನಾನೇನು ಮಾಡಲಿ, ಅವಕ್ಕೆ ಹಸಿವಾಗಿರಬೇಕು ಎಂದೆ. ಊಟಕ್ಕೂ ನಿಲ್ಲದೆ ಹೊರಟದ್ದಕ್ಕೆ ನೀನು ಮೂತಿ ಉಬ್ಬಿಸಿದ್ದು ಕಾರಿನ ಕನ್ನಡಿಯಲ್ಲಿ ಕಂಡಿತು. ನಿಲ್ಲುವ ಹಾಗಿರಲಿಲ್ಲ.

ಹಾಗಾಗಿ ಕನ್ನಡಕದವರಿಗೆ ಹೆದರಬೇಡ. ಅವರಿಗೆ ನಾನು ಒಂದು ಮಾತೂ ಹೇಳಿಲ್ಲ, ಹೇಳುವ ಅಗತ್ಯವೂ ಇಲ್ಲ. ಹಸುಗಳೇ ಹೇಳುತ್ತವೆ. ಇವತ್ತು ಕಿಟಕಿ ಪಕ್ಕದ ಕುರ್ಚಿಯಲ್ಲಿ ನೀನೇ ಕೂತು ಕಾಫಿ ಕುಡಿ. ಬಿಸಿ ಪಾತ್ರೆಯನ್ನು ನಿನಗೆ ಎಲ್ಲಿ ಬೇಕೋ ಅಲ್ಲಿಡು. ಕೊಟ್ಟಿಗೆಯ ದಾರಿಯ ನಟ್ಟನಡುವೆ ನಡೆ. ಯಾರಿಗೂ ಜಾಗ ಬಿಡಬೇಕಾಗಿಲ್ಲ.

ಎಂದೆಂದಿಗೂ ನಿನ್ನವಳೇ ಆದ
ಅಕ್ಕ

ತಾ.ಕ.: ಇಷ್ಟು ಹೊತ್ತು ಬೀರುವಿನ ಮೇಲೆ ಮುದುರಿ ಕೂತಿದ್ದ ನನ್ನ ಬೆಕ್ಕು ಈಗ ಕೆಳಗಿಳಿದು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದೆ. ಅಂದರೆ ಅವನು ಆ ಕಡೆ ಹೋಗಿದ್ದಾನೆ. ಅದಕ್ಕೇ ಕೈ ತೆಗೆದು ಬೇಗಬೇಗ ಬರೆಯುತ್ತೇನೆ, ಏಕವಚನದಲ್ಲೇ ಬರೆಯುತ್ತೇನೆ. ಶನಿವಾರ ನಾನು ಕಾರಿನಲ್ಲಿ ಏನೂ ಮರೆತಿರಲಿಲ್ಲ. ನನ್ನ ಪಕ್ಕದ ಸೀಟಿನ ಬಾಗಿಲು ತೆಗೆದು ಹಿಡಿದು, ‘ಬನ್ನಿ, ನಮ್ಮನೆಗೆ ಬನ್ನಿ, ಕರೀಲಿಲ್ಲ ಅನ್ನೋ ದೂರು ಇನ್ನು ಬೇಡ’ ಎಂದು ಬಾಯ್ತುಂಬ ಕರೆದೆ. ನಿನ್ನ ನಾಯಿ ಬಾಲ ಮುದುರಿಕೊಂಡು ದಾರಿ ಬಿಟ್ಟಿತು. ಸೀಟು ಸ್ವಲ್ಪ ಕುಗ್ಗಿತು. ಬಾಗಿಲು ಹಾಕಿದೆ. ಒಮ್ಮೊಮ್ಮೆ ಕೈ ಬೀಸಿದ ಗಾಳಿ ಕೆನ್ನೆಗೆ ತಾಗುತ್ತದೆ, ನಾನಿನ್ನೂ ಹಿಂದೆ ಸರಿದಿಲ್ಲ. ನೀನು ಮಾತ್ರ ಒಂದು ಮಾತು ನಡೆಸಿಕೊಡು, ಸಣ್ಣಿ: ಮುಂದೆ ಎಂದಾದರೂ ನಾನೇ ಫೋನು ಮಾಡಿ, ನನ್ನ ದನಿಯಲ್ಲೇ, ಎಷ್ಟೇ ಬಾಯ್ತುಂಬ ಕರೆದರೂ ನಮ್ಮನೆಗೆ ಬರಬೇಡ.