ಬೆನ್ನು ಮಾತ್ರ ಕಾಣುವ ಚಿತ್ರ

೫ ಫೆಬ್ರವರಿ ೧೯೫೭, ಮಂಗಳವಾರ

ಫೋಟೋ ತೆಗೆಯುವ ಮನೆಗಳಿಗೆ ಒಯ್ಯುವ ಬುಟ್ಟಿ ಮತ್ತೆ ತುಂಬಿಸಿದ್ದಾಯಿತು. ಹಸಿರು ಗಾಜಿನ ಬೋಗುಣಿ, ಆರು ನಿಂಬೆಹಣ್ಣು, ಹಳದಿ ದಿಂಬು, ಯಾರೂ ಓದದ ಒಂದು ದಪ್ಪ ಪುಸ್ತಕ. ನಿಂಬೆಹಣ್ಣು ಕಳೆದ ವಾರದ್ದೇ. ಒಂದು ಮೆತ್ತಗಾಗಿದೆ. ಅದನ್ನು ಉಳಿದವುಗಳ ಕೆಳಗೆ ಇಟ್ಟರಾಯಿತು.

ಆರ್ಲೋ ಹನ್ನೊಂದು ವರ್ಷದಿಂದ ಪತ್ರಿಕೆಯ ನನ್ನ ಪುಟಕ್ಕೆ ಫೋಟೋ ತೆಗೆಯುವವನು. ಸಲಿಗೆ ಜಾಸ್ತಿ. "ವಿನ್ನಿ, ನಿನ್ನ ಬೋಗುಣಿ ಈ ಊರಿನ ಎಷ್ಟು ಮನೆ ಹೊಕ್ಕಿದೆ ಗೊತ್ತಾ? ನಮ್ಮ ಪಾದ್ರಿ ಕೂಡ ಅಷ್ಟು ಹೊಕ್ಕಿಲ್ಲ."

ನಕ್ಕೆ. ಆದರೂ ಒಳಗೆ ಚುರ್ ಎಂದಿತು. ಸಂಪಾದಕರು ನಿನ್ನೆ ಇದನ್ನೇ ನಗದೆ ಹೇಳಿದ್ದರು. ಮೂರು ಭಾನುವಾರ ಸಪ್ಪೆ ಮನೆಗಳು. ಇನ್ನೊಂದು ಸಪ್ಪೆಯಾದರೆ ನನ್ನ 'ನಮ್ಮೂರ ಮನೆ' ಪುಟ ಅಡುಗೆ ಅಂಕಣದವರ ಪಾಲು.

ಊರಿಗೆಲ್ಲ ಮನೆ ಸಿಂಗರಿಸುವ ನಾನಿರುವುದು ಬೂಟಿನ ಅಂಗಡಿಯ ಮೇಲಿನ ಎರಡು ಕತ್ತಲೆ ಕೋಣೆಯಲ್ಲಿ. ಅಮ್ಮನ ಕಾಲದ ಮಂಚ, ಅಮ್ಮನ ಕಾಲದ ವಾಸನೆ. ಚೆಂದದ್ದು ಅಂತ ಇರುವುದು ಒಂದೇ— ಸುತ್ತ ಹಿತ್ತಾಳೆಯ ಕಿರಣಗಳಿರುವ ದುಂಡು ಕನ್ನಡಿ. ಅದನ್ನೂ ಗುರುವಾರಕ್ಕೆ ಕಾರಿಗೆ ಹಾಕಿದ್ದೇನೆ.

ಗುರುವಾರ ಮಿಸೆಸ್ ಬೆಲ್ ಮನೆ. ಈ ಊರಿನ ಅರ್ಧ ಹೊಸ ಮನೆಗಳ ಪರದೆ ಹೊಲಿದವಳು ಅವಳೇ. ಮೂರು ಸಲ ಬೇಡ ಎಂದಳು. ನಾಲ್ಕನೆಯ ಸಲ ನಾನು ಪಾಪದ ಮುಖ ಮಾಡಿದೆ, ಒಪ್ಪಿದಳು.

೭ ಫೆಬ್ರವರಿ, ಗುರುವಾರ, ಸಂಜೆ ೫

ಎಂಥ ಮನೆ! ಲಿಂಡನ್ ರಸ್ತೆಯಲ್ಲಿ ಎಲ್ಲವೂ ಒಂದೇ ಅಚ್ಚಿನ ಮನೆಗಳು— ತಗ್ಗು ಚಾವಣಿ, ಮುಂದೆ ಒಂದು ದೊಡ್ಡ ಗಾಜಿನ ಕಿಟಕಿ. ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಬಾಡಿಗೆ ಮನೆ, ಕೈಯಲ್ಲಿ ಕಾಸಿಲ್ಲ, ಆದರೂ... ಹಳೆಯ ಬಾಗಿಲನ್ನು ಅಡ್ಡ ಮಲಗಿಸಿ, ಕಬ್ಬಿಣದ ಕಾಲು ಕೊಟ್ಟು ಹೊಲಿಗೆಯ ಮೇಜು. ಬೆಣ್ಣೆ ಕಡೆಯುವ ಮಣ್ಣಿನ ಜಾಡಿಯ ದೀಪ. ಪರದೆ ಸಾಸಿವೆ ಬಣ್ಣದ ಗೋಣಿಬಟ್ಟೆ— ಗೋಣಿ! ನೆರಿಗೆ ಮಾತ್ರ ರೇಷ್ಮೆಯ ಹಾಗೆ ಬಿದ್ದಿದೆ.

ಬಲ್ಬು ತರಲು ಆರ್ಲೋ ಕಾರಿಗೆ ಹೋದಾಗ ಅವಳು ನನ್ನ ತೋಳು ಹಿಡಿದಳು. ಅವಳ ಎಡ ಮಣಿಕಟ್ಟು ನೆಟ್ಟಗಾಗುವುದಿಲ್ಲ. ಇವತ್ತೇ ನೋಡಿದ್ದು.

"ಬೆನ್ನು ಮಾತ್ರ. ಹೆಸರು ಬೇಡ, ಮುಖ ಬೇಡ. ಮಾತು ಕೊಡಿ ಮಿಸ್ ನೊವಾಟ್ನಿ."

"ಅಷ್ಟು ನಾಚಿಕೆ ಯಾಕೆ?"

"ನಾಚಿಕೆ ಅಲ್ಲ. ನಾನು ಬೆಲ್ ಅಲ್ಲ. ನನ್ನ ಗಂಡ ಡೆಲ್ಮರ್, ಗಾರ್ನೆಟ್ ಫಾಲ್ಸ್ ಅನ್ನೋ ಊರಲ್ಲಿದಾನೆ. ಮೂರು ವರ್ಷದಿಂದ ಹುಡುಕ್ತಾ ಇದಾನೆ. ಈ ಕೈ ಅವನದೇ ಕೆಲಸ. ಮುಂದಿನ ಸಲ ಕೈಗೆ ನಿಲ್ಲಿಸಲ್ಲ ಅಂದಿದ್ದ."

"ಪೊಲೀಸರು?"

"ಶೆರಿಫ್? ಮೊದಲ ಸಲ ಓಡಿದಾಗ ಅವರೇ ತಮ್ಮ ಕಾರಲ್ಲಿ ಕೂರಿಸ್ಕೊಂಡು ವಾಪಸ್ ಬಿಟ್ಟು ಹೋದ್ರು. ದಾರೀಲಿ ಐಸ್‌ಕ್ರೀಮ್ ಕೂಡ ಕೊಡಿಸಿದ್ರು." ನನ್ನ ತೋಳು ಬಿಡದೆಯೇ, "ನಿಮ್ಮ ಪೇಪರ್ ಅಲ್ಲಿಗೂ ಹೋಗುತ್ತಾ?"

ಹೋಗುತ್ತೆ ಎಂದೆ. ಬೆನ್ನು ನೋಡಿ ಯಾರು ಗುರುತು ಹಿಡೀತಾರೆ ಎಂದೂ ಹೇಳಿದೆ. ಮಾತು ಕೊಟ್ಟೆ.

ಚೌಕುಳಿ ರವಿಕೆ ಹಾಕಿಕೊಂಡು, ಹೊಲಿಗೆಯ ಮೇಜಿನ ಮುಂದೆ ನಮಗೆ ಬೆನ್ನು ಮಾಡಿ ಕೂತಳು. ಎದುರಿನ ಗೋಡೆ ಬೋಳು ಅನ್ನಿಸಿತು. ನನ್ನ ಕನ್ನಡಿ ತಂದು ನೇತು ಹಾಕಿದೆ. ಒಪ್ಪಿತು. ಆರ್ಲೋ ಕ್ಯಾಮೆರಾದ ಕರಿಬಟ್ಟೆಯೊಳಗಿಂದ ಏನೋ ತಮಾಷೆ ಹೇಳಿದ. ಅವಳ ಭುಜ ಕುಲುಕಿದ್ದು ಕಂಡಿತು.

ಕನ್ನಡಿ ಅವಳಲ್ಲೇ ಇರಲಿ ಎಂದು ಬಿಟ್ಟು ಬಂದೆ. ಇಷ್ಟು ಖುಷಿಯಾಗಿ ಎಷ್ಟು ದಿನವಾಯಿತೋ.

೧೪ ಫೆಬ್ರವರಿ, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮ ಭಾನುವಾರದ ಮನೆ ವಿಭಾಗ ಬುಧವಾರವೇ ಅಚ್ಚಾಗುತ್ತದೆ. ಇವತ್ತು ಬೆಳಿಗ್ಗೆ ಮೊದಲ ಪ್ರತಿ ಮೇಜಿಗೆ ಬಂತು. ಕೊಲಾಚೆ ಬನ್ನು ತಿನ್ನುತ್ತ ಬಿಡಿಸಿದೆ. ದೀಪ ಚೆನ್ನಾಗಿ ಬಂದಿದೆ. ನೆರಿಗೆ ಒಂದೊಂದೂ ಎಣಿಸಬಹುದು. ಬೋಗುಣಿ, ನಿಂಬೆಹಣ್ಣು...

ಕನ್ನಡಿಯಲ್ಲಿ ಅವಳ ಮುಖ.

ಹೆಬ್ಬೆರಳಿನ ಉಗುರಿನಷ್ಟು. ತಲೆ ಎತ್ತಿದ್ದಾಳೆ, ನಗುತ್ತಿದ್ದಾಳೆ. ಮುಖದ ಸುತ್ತ ಹಿತ್ತಾಳೆಯ ಕಿರಣ. ಹುಡುಕುವವನಿಗೆ ಇಲ್ಲಿ ನೋಡು ಎಂದು ಬೆರಳು ಮಾಡಿ ತೋರಿಸಿದ ಹಾಗೆ.

ಎರಡು ಫೋಟೋದಲ್ಲಿ ಇದನ್ನು ಆರಿಸಿದ್ದು ನಾನು. ದೀಪ ನೋಡಿದೆ, ಪರದೆ ನೋಡಿದೆ. ಮನುಷ್ಯರೊಬ್ಬರನ್ನು ಬಿಟ್ಟು ಎಲ್ಲ ನೋಡಿದೆ.

ಆರ್ಲೋನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದೆ. ಬಿಳಿಚಿಕೊಂಡ. "ನನಗೆ ಯಾಕೆ ಹೇಳ್ಲಿಲ್ಲ? ಕ್ಯಾಮೆರಾ ಗಾಜಲ್ಲಿ ಎಲ್ಲ ತಲೆಕೆಳಗೆ ಕಾಣುತ್ತೆ ಮಾರಾಯ್ತಿ. ದೀಪದ ನೆರಳು ಅಂದ್ಕೊಂಡೆ."

ಅಚ್ಚುಕೂಟದ ಮೇಸ್ತ್ರಿಯನ್ನು ಕೇಳಿದೆ, ಈ ವಿಭಾಗ ತಡೆಯಬಹುದೇ ಎಂದು. ನನ್ನನ್ನೇ ನೋಡಿದ. "ತೊಂಬತ್ತು ಸಾವಿರ ಪ್ರತಿ ಕಟ್ಟು ಕಟ್ಟಿ ಕೂತಿದೆ. ತಡಿಯೋಕೆ ಏನಂತೆ ಕಾರಣ? ನಿಂಬೆಹಣ್ಣು ಕೊಳೆತಿದ್ಯಾ?"

ಕಾರಣ ಹೇಳಿದರೆ ಅವಳ ಗುಟ್ಟು ಇಡೀ ಕಚೇರಿಯ ಬಾಯಿಗೆ ಬೀಳುತ್ತದೆ. ನಿಂಬೆಹಣ್ಣೇ ಎಂದು ಹೇಳಿ ಬಂದೆ.

೧೫ ಫೆಬ್ರವರಿ, ಶುಕ್ರವಾರ

ಅವಳಿಗೆ ಹೇಳಬೇಕು. ಲಿಂಡನ್ ರಸ್ತೆಯ ತಿರುವಿನವರೆಗೆ ಹೋದೆ. ಕಿಟಕಿಯಲ್ಲಿ ಅವಳ ಬಗ್ಗಿದ ತಲೆ ಕಂಡಿತು. ಹೊಲಿಯುತ್ತಿದ್ದಳು. ಕಾರು ತಿರುಗಿಸಿದೆ.

ಹೆದರುಪುಕ್ಕಲಿ ನಾನು. ಇದಕ್ಕೆ ಬೇರೆ ಹೆಸರಿಲ್ಲ.

ಒಂದು ಉಪಾಯ ಹೊಳೆದಿದೆ.

೧೭ ಫೆಬ್ರವರಿ, ಭಾನುವಾರ, ಮಧ್ಯಾಹ್ನ ೧

ಗಾರ್ನೆಟ್ ಫಾಲ್ಸಿಗೆ ಹೋಗಿ ಬಂದೆ. ಹೋಗುತ್ತ ಮೂರು ಗಂಟೆ, ಬರುತ್ತ ನಾಲ್ಕು. ರಸ್ತೆಯಲ್ಲಿ ಹಿಮ ಗಾಜಿನಂತೆ ಗಟ್ಟಿಯಾಗಿತ್ತು.

ಪೇಪರ್ ಸಿಗುವುದು ಅಲ್ಲಿ ಒಂದೇ ಕಡೆ, ಔಷಧಿ ಅಂಗಡಿ. ಅಜ್ಜ ಬಾಗಿಲು ತೆಗೆಯುತ್ತಿದ್ದ ಹಾಗೇ ನುಗ್ಗಿದೆ. ಎಲ್ಲ ಕೊಡಿ ಎಂದೆ.

"ಎಲ್ಲಾನೂ? ಏನಮ್ಮ, ನಿನ್ನ ಮದುವೆ ಫೋಟೋ ಬಂದಿದ್ಯಾ?"

"ನಮ್ಮಕ್ಕನ ಮಗಳದ್ದು."

"ಅಯ್ಯೋ, ನನಗೊಂದಾದ್ರೂ ಬಿಡು ತಾಯಿ. ಚರ್ಚಿಂದ ಬಂದೋರು ನನ್ನ ಚರ್ಮ ಸುಲೀತಾರೆ."

ಒಂದು ಬಿಟ್ಟೆ— ಮನೆ ವಿಭಾಗ ಎಳೆದುಕೊಂಡು. ಉಳಿದ ಕಟ್ಟು ಕಾರಿನ ಹಿಂದಿನ ಸೀಟಿಗೆ. ಗೆದ್ದೆ ಎನ್ನಿಸಿತು. ಹಾಡಿಕೊಂಡೇ ಕಾರು ಬಿಟ್ಟೆ. ಊರಿನ ಕೊನೆಯ ಬೀದಿಯಲ್ಲಿ ಒಂದು ಮನೆಯ ಮೆಟ್ಟಿಲ ಮೇಲೆ ನಮ್ಮ ಪೇಪರ್, ಸುರುಳಿ ಸುತ್ತಿ ಬಿದ್ದಿತ್ತು. ಪಕ್ಕದ ಮನೆಯಲ್ಲೂ. ಅದರ ಆಚೆಯ ಮನೆಯಲ್ಲೂ.

ಮನೆಗೇ ಹಾಕಿಸಿಕೊಳ್ಳುವವರು! ಪತ್ರಿಕೆಯಲ್ಲಿ ಇಪ್ಪತ್ತು ವರ್ಷ ದುಡಿದವಳ ತಲೆಗೆ ಇದು ಹೊಳೆಯಲಿಲ್ಲ.

ಕಾರು ನಿಲ್ಲಿಸಿ ಅತ್ತೆ. ಯಾವ ಮನೆ ಅವನದೋ ಗೊತ್ತಿಲ್ಲ. ಯಾರದೋ ನಾಯಿ ಬೊಗಳಿತು. ಹೊರಟು ಬಂದೆ.

೨೧ ಫೆಬ್ರವರಿ, ಗುರುವಾರ, ಬೆಳಿಗ್ಗೆ ೧೦

ಸೋಮವಾರ ಏನೂ ಇಲ್ಲ. ಮಂಗಳವಾರ, ಬುಧವಾರ ಏನೂ ಇಲ್ಲ. ಸಂಪಾದಕರು ಬೆನ್ನು ತಟ್ಟಿದರು, ಈ ವರ್ಷದ ಅತ್ಯುತ್ತಮ ಮನೆಯಂತೆ.

ಈಗ ಲಿಯೋಟಾ ಬಂದು ಹೋದಳು. ನನ್ನ ಪುಟದ ಪತ್ರಗಳನ್ನೆಲ್ಲ ನೋಡಿಕೊಳ್ಳುವವಳು. ನನಗಿಂತ ಹತ್ತು ವರ್ಷ ದೊಡ್ಡವಳು, ಗಡಿಯಾರದಂಥ ಹೆಂಗಸು.

"ಈ ಸಲ ಪತ್ರಗಳ ಸುರಿಮಳೆ ವಿನ್ನಿ. ಎಲ್ಲರಿಗೂ ಆ ಜಾಡಿ ದೀಪ ಬೇಕಂತೆ. ಮೂವತ್ತೊಂದಕ್ಕೂ ಉತ್ತರ ಹಾಕಿ ಮುಗಿಸ್ದೆ."

"ಏನಂತ?"

"ಯಾವಾಗ್ಲೂ ಹಾಕೋ ಹಾಗೆ. ಮನೆಯವರ ವಿಳಾಸ ಬರೆದ ಕಾರ್ಡು. ದೀಪದ ವಿಷಯ ಅವರನ್ನೇ ಕೇಳಿ ಅಂತ. ಮಂಗಳವಾರವೇ ಅಂಚೆಗೆ ಹೋಯ್ತು. ನೀನೇ ಮಾಡಿದ ನಿಯಮ ಅಲ್ವಾ?"

ನಾನೇ ಮಾಡಿದ್ದು. ಓದುಗರಿಗೆ ಪ್ರೀತಿಯಾಗಲಿ ಎಂದು.

ಪತ್ರಗಳ ಕಟ್ಟು ಬಿಚ್ಚಿದೆ. ಹದಿನೇಳನೆಯದು ಗಾರ್ನೆಟ್ ಫಾಲ್ಸಿನದು. ಪೆನ್ಸಿಲ್ಲಿನಲ್ಲಿ, ದುಂಡು ಅಕ್ಷರ, ಒಂದು ತಪ್ಪಿಲ್ಲ. "ಆ ದೀಪ ನನ್ನ ಹೆಂಡತಿಗೆ ಬಹಳ ಇಷ್ಟವಾಗುತ್ತದೆ. ಆ ಮನೆ ಎಲ್ಲಿದೆ ಎಂದು ದಯವಿಟ್ಟು ತಿಳಿಸಿ." ಕೆಳಗೆ ಡೆಲ್ಮರ್ ಎಂಬ ಸಹಿ.

ಮಂಗಳವಾರದ ಅಂಚೆ. ಇವತ್ತು ಅವನ ಕೈಗೆ ಸಿಕ್ಕಿರುತ್ತದೆ. ಕೋಟು ಹಾಕಿಕೊಂಡೆ.

ಅದೇ ದಿನ, ಮಧ್ಯಾಹ್ನ ೩

ಅವಳ ಮನೆಯ ಬಾಗಿಲಲ್ಲೇ ಎಲ್ಲ ಒದರಿಬಿಟ್ಟೆ. ಕನ್ನಡಿ, ಪೇಪರ್ ಕಟ್ಟು, ಕಾರ್ಡು.

ಅವಳು ಒಳಗೆ ಕರೆದಳು. ಮೇಜಿನ ಮೇಲೆ ನಮ್ಮ ಪುಟದಿಂದ ಕತ್ತರಿಸಿದ ಚಿತ್ರ.

"ಭಾನುವಾರವೇ ನೋಡ್ದೆ."

"ಮತ್ತೆ ಯಾಕೆ ಹೋಗ್ಲಿಲ್ಲ? ಯಾಕೆ ಇನ್ನೂ ಇಲ್ಲೇ ಕೂತಿದೀರಿ?"

"ಅವನು ನೋಡಿರಲ್ಲ ಅಂತ ಆಸೆ. ಮನೆ ಪುಟ ಓದೋ ಗಂಡಸಲ್ಲ." ಚಿತ್ರದ ಮೇಲೆ ಬೆರಳಿಟ್ಟಳು. "ಮತ್ತೆ ಇವಳನ್ನ ನೋಡಿ. ಇವಳು ನಗ್ತಾ ಇದಾಳೆ. ನಾನು ನಗೋದನ್ನ ನಾನೇ ಮರೆತಿದ್ದೆ. ಇಂಥ ಮನೇಲಿ ಇವಳು ಇದಾಳಲ್ಲ, ಇನ್ನೊಂದು ವಾರ ಇರ್ಲಿ ಅನ್ನಿಸ್ತು."

ನಾನು ಅತ್ತೆ. ಅವಳು ಅಳಲಿಲ್ಲ.

"ನಿಮ್ಮನ್ನ ಬೈಯೋಕೆ ಈಗ ಪುರುಸೊತ್ತಿಲ್ಲ ವಿನ್ನಿ. ಆಮೇಲೆ ಬೈತೀನಿ. ಆ ಪೆಟ್ಟಿಗೆ ಈ ಕಡೆ ಎಳೀರಿ."

ಮೊದಲ ಸಲ ವಿನ್ನಿ ಎಂದಳು.

ಅವಳ ಭಯ ಒಂದೇ. ಅವನು ಬಂದು ಖಾಲಿ ಮನೆ ನೋಡಿದರೆ ಅವಳು ಇಲ್ಲಿದ್ದದ್ದು ಖಾತ್ರಿಯಾಗುತ್ತದೆ. ನೆರೆಯವರನ್ನು ಕೇಳುತ್ತಾನೆ, ಬಸ್ ನಿಲ್ದಾಣದಲ್ಲಿ ಕೇಳುತ್ತಾನೆ. ವಾಸನೆ ಹಿಡಿದ ನಾಯಿಯ ಹಾಗೆ ಹಿಂದೆಯೇ ಬರುತ್ತಾನೆ. ಚಿತ್ರದಲ್ಲಿದ್ದವಳು ಬೇರೆ ಯಾರೋ, ತನ್ನ ಕಣ್ಣೇ ಮೋಸ ಮಾಡಿತು ಎಂದುಕೊಂಡರೆ ಮಾತ್ರ ತಿರುಗಿ ಹೋಗುತ್ತಾನೆ.

ಚಿತ್ರವನ್ನು ಮತ್ತೆ ನೋಡಿದೆ. ಉಗುರಿನಷ್ಟು ಮುಖ, ಅದೂ ಚುಕ್ಕೆ ಚುಕ್ಕೆ ಅಚ್ಚು. ಕಂದು ಕೂದಲು, ಚೌಕುಳಿ ರವಿಕೆ. ಒಂದು ನಗು.

"ರವಿಕೆ ಬಿಟ್ಟು ಹೋಗಿ" ಎಂದೆ.

೨೨ ಫೆಬ್ರವರಿ, ಶುಕ್ರವಾರ, ಬೆಳಿಗ್ಗೆ ೮

ಬೆಳಕು ಹರಿಯುವ ಹೊತ್ತಿಗೆ ಆರ್ಲೋ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಎಲ್ಲಿಗೆ ಎಂದು ಇಲ್ಲೂ ಬರೆಯುವುದಿಲ್ಲ.

ಒಂದು ಪೆಟ್ಟಿಗೆ, ಹೊಲಿಗೆ ಯಂತ್ರದ ತಲೆ, ಆ ಚಿತ್ರ. ಅಷ್ಟೇ ತೆಗೆದುಕೊಂಡಳು. ಪರದೆ ಮುಟ್ಟಿ ನೋಡಿದಳು. "ಬಿಸಿಲು ಜಾಸ್ತಿ ಬಿದ್ರೆ ಬಣ್ಣ ಹೋಗುತ್ತೆ. ಮಧ್ಯಾಹ್ನ ಎಳೀರಿ" ಎಂದಳು, ನಾನು ಇಲ್ಲೇ ಬಾಳಲು ಬಂದವಳೇನೋ ಎಂಬಂತೆ.

ಅದೇ ದಿನ, ೧೧

ಕಚೇರಿಗೆ ಜ್ವರ ಎಂದೆ. ಕೂದಲಿಗೆ ಅವಳ ಹಾಗೇ ಕಂದು ಬಣ್ಣ ಹಚ್ಚಿದೆ. ಸೂಪ್ ಹಿಡಿದು ನೋಡಲು ಬಂದ ಲಿಯೋಟಾ ಮೆಟ್ಟಿಲಲ್ಲೇ ಹಿಡಿದಳು. "ನಲವತ್ತಾರನೇ ವಯಸ್ಸಿಗೆ ಬಂದ ಜ್ವರ ತಲೆಗೇ ಏರೋದು. ಯಾರೇ ಅವನು?" ಏನಾದರೂ ಅಂದುಕೊಳ್ಳಲಿ. ಸೂಪ್ ಇಸಕೊಂಡೆ.

೨೩ ಫೆಬ್ರವರಿ, ಶನಿವಾರ, ಮಧ್ಯಾಹ್ನ ೧

ಲಿಂಡನ್ ರಸ್ತೆಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಯಾರೂ ಬರಲಿಲ್ಲ.

ಇಷ್ಟು ವರ್ಷ ನೂರಾರು ಮನೆ ಜೋಡಿಸಿದೆ, ಎಲ್ಲ ಒಂದು ಫೋಟೋದ ಹೊತ್ತಿಗೆ. ಇವತ್ತು ಫೋಟೋ ನೋಡಿಕೊಂಡು ಮನೆ ಜೋಡಿಸಿದೆ. ಬೋಗುಣಿ ಅದೇ ಜಾಗದಲ್ಲಿ. ಐದು ನಿಂಬೆಹಣ್ಣು ಮೇಲೆ, ಒಂದು ಕೆಳಗೆ. ದಿಂಬಿನ ಮೂಲೆ ಅದೇ ಕೋನಕ್ಕೆ. ಕಿಟಕಿಯಿಂದ ನೋಡುವವನಿಗೆ ತನ್ನ ಕೈಯಲ್ಲಿರುವ ಚಿತ್ರವೇ ಕಾಣಬೇಕು— ಬೆನ್ನು ನನ್ನದು, ಕನ್ನಡಿಯಲ್ಲಿ ಮುಖ ನನ್ನದು. ರವಿಕೆಯ ಗುಂಡಿ ಹಾಕಲಾಗುತ್ತಿಲ್ಲ. ಹೇಗೂ ಬೆನ್ನ ಕಡೆಯಿಂದ ಕಾಣುವುದಿಲ್ಲ. ಬಾಗಿಲು ತೆಗೆಯುವಾಗ ಮೇಲೆ ಏಪ್ರನ್.

ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದ್ದೇನೆ. ದೀಪದ ವಿಚಾರಕ್ಕೆ ಬಂದ್ರಾ? ಹೌದು, ನಾನೇ ಮಿಸೆಸ್ ಬೆಲ್. ಈ ವಾರ ನೀವು ಎಷ್ಟನೆಯವರೋ! ಚಿತ್ರದಲ್ಲಿ ನಾನು ತೆಳ್ಳಗೆ ಬಂದಿದೀನಿ, ಅಲ್ವಾ? ದೀಪ ಅವನ ಕೈಗೇ ಕೊಟ್ಟುಬಿಡುತ್ತೇನೆ. ಹೊತ್ತುಕೊಂಡು ಹೋಗಲಿ.

ಎರಡಕ್ಕೆ ಬರುತ್ತೇನೆ, ಅಡುಗೆಮನೆಯಲ್ಲಿ ಕೂರುತ್ತೇನೆ ಎಂದಿದ್ದಾನೆ ಆರ್ಲೋ. ಹಿಮ ಬೀಳುತ್ತಿದೆ.

೨.೧೦

ಆರ್ಲೋ ಇಲ್ಲ.

ನೀಲಿ ಕಾರೊಂದು ಎರಡು ಸಲ ಮನೆಯ ಮುಂದೆ ಹಾದುಹೋಯಿತು. ನಂಬರ್ ನಮ್ಮ ಕೌಂಟಿಯದಲ್ಲ.

೨.೧೫

ನಿಲ್ಲಿಸಿದ್ದಾನೆ. ಎಲ್ಲ ಕನ್ನಡಿಯಲ್ಲೇ ನೋಡುತ್ತಿದ್ದೇನೆ. ತಿರುಗಬಾರದು. ಎತ್ತರದ ಆಳು, ಚರ್ಚಿಗೆ ಹೊರಟವನ ಕೋಟು. ಕೈಯಲ್ಲಿ ಮಡಿಸಿದ ಕಾಗದ. ಅದನ್ನು ಬಿಡಿಸಿ ನೋಡುತ್ತಾನೆ, ಕಿಟಕಿ ನೋಡುತ್ತಾನೆ. ಮತ್ತೆ ಕಾಗದ.

ಬರೆಯುತ್ತಿದ್ದರೆ ಹೊಲಿಯುವ ಹಾಗೆಯೇ ಕಾಣುತ್ತದೆ. ಒಳ್ಳೆಯದೇ ಆಯಿತು.

ಬಾಗಿಲ ಕಡೆ ಬಂದ. ಗಂಟೆ ಒತ್ತಿದ.

"ಬಂದೇ" ಎಂದು ಕೂಗಿದೆ. ದನಿ ನನ್ನದಲ್ಲ ಎನ್ನಿಸಿತು. ಕನ್ನಡಿಯಲ್ಲಿರುವ ಹೆಂಗಸು ಬಿಳಿಚಿಕೊಂಡಿದ್ದಾಳೆ. ಚಿತ್ರದಲ್ಲಿ ಅವಳು ನಗುತ್ತಿದ್ದಳು. ಇವಳೂ ನಗಬೇಕು. ಮತ್ತೆ ಗಂಟೆ. ನಗು ವಿನ್ನಿ. ಹಲ್ಲು ಕಾಣದ ಹಾಗೆ, ಅವಳ ಹಾಗೆ, ಇದು ನಿನ್ನದೇ ಮನೆ ಎನ್ನುವ ಹಾಗೆ—