ನನ್ನ ಭಾಷಣದ ವಿಡಿಯೊ

ಪ್ರೀತಿಯ ಮಗಳಿಗೆ,

ಶಾಲೆಯ ಮೈದಾನವನ್ನು ವಾಹನ ನಿಲುಗಡೆಗೆ ಕೊಡುವ ಕುರಿತ ಸಭೆಯಲ್ಲಿ ನಾನು ಮಾಡಿದ ಭಾಷಣದ ವಿಡಿಯೊ ಊರೆಲ್ಲ ಸುತ್ತುತ್ತಿದೆಯೆಂದು ನೀನು ಹಿಗ್ಗಿನಿಂದ ತಿಳಿಸಿದ್ದೀಯೆ. ನನಗೆ ಹಿಗ್ಗಿಲ್ಲ.

ಭಾಷಣ ಮುಗಿದಾಗ ಅಧಿಕಾರಿ, "ವಿರೋಧ ಇರೋರು ಕೈ ಎತ್ತಿ" ಎಂದರು. ತಿರುಗಿ ನೋಡಿದೆ. ಬಂದವರೆಲ್ಲ ಎರಡೂ ಕೈಯಲ್ಲಿ ಫೋನು ಹಿಡಿದಿದ್ದರು. ಚಿತ್ರ ಅಲುಗಾಡೀತೆಂದು ಒಬ್ಬರೂ ಕೈ ಎತ್ತಲಿಲ್ಲ. ನೀನೂ ಎತ್ತಲಿಲ್ಲ. "ಮೇಷ್ಟ್ರೊಬ್ಬರದೇ ವಿರೋಧ" ಎಂದು ಬರೆದುಕೊಂಡು ಅವರು ಎದ್ದುಹೋದರು.

ನನಗೆ ಅಭ್ಯಾಸವಿಲ್ಲದ ದೈನ್ಯದಿಂದ ಬೇಡಿಕೊಂಡು, ಸೋಮವಾರ ಮತ್ತೊಂದು ಸಭೆಗೆ ಅವರನ್ನು ಒಪ್ಪಿಸಿದ್ದೇನೆ. ಪಕ್ಕದ ಮನೆಯ ದರ್ಜಿಯನ್ನು ಕರೆದರೆ, "ಅಯ್ಯೋ ಮೇಷ್ಟ್ರೇ, ನಿಮ್ ವಿಡಿಯೊನ ಎಲ್ಲಾ ಗ್ರೂಪಿಗೂ ಹಾಕಿದೀನಲ್ಲ, ಇನ್ನು ನಾನ್ಯಾಕೆ ಬರ್ಬೇಕು?" ಎನ್ನುತ್ತಾನೆ. ಅವನ ಮಕ್ಕಳು ಆಡುವುದು ಅದೇ ಮೈದಾನದಲ್ಲಿ.

ನೀನು ಹಂಚಿದ ಆ ವಿಡಿಯೊವನ್ನು ದಯವಿಟ್ಟು ಇಂದೇ ತೆಗೆದುಹಾಕು. ಅದನ್ನು ನೋಡಿದವರೆಲ್ಲ ಕೆಲಸ ಮುಗಿಯಿತೆಂದು ಮನೆಯಲ್ಲಿ ಕುಳಿತಿದ್ದಾರೆ. ದರ್ಜಿಯ ಹೆಂಡತಿ ನಿನ್ನ ಗೆಳತಿ. ಸೋಮವಾರ ಅವಳನ್ನೂ ಕರೆದುಕೊಂಡು ಬಾ.

ಈ ಬಾರಿ ನಾನು ಭಾಷಣ ಮಾಡುವುದಿಲ್ಲ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತೇನೆ. ಚಿತ್ರ ತೆಗೆಯಲು ಅಲ್ಲಿ ಏನೂ ಇರಬಾರದು.

ಇಂತು,
ನಿನ್ನ ಅಪ್ಪ