ತೊಟ್ಟಿಗಿಳಿದ ಗಾಜಿನ ಎಳೆ

ಮಹ್ರೆಸ್, ಸ್ಫಾಕ್ಸ್ ಹತ್ತಿರ
೧೯ ಜನವರಿ ೨೦೨೩

ಪ್ರೀತಿಯ ಅಮ್ಮಾ,

ಮೊಣಕಾಲು ಹೇಗಿದೆ? ಗಾಬೆಸ್‌ನ ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತೀರೋ, ಬರೀ ಆಲಿವ್ ಎಣ್ಣೆಯನ್ನೇ ತಿಕ್ಕಿಕೊಳ್ಳುತ್ತೀರೋ? ನಝೀಹಾ ಬೈದರೆ ಬೈಸಿಕೊಳ್ಳಿ, ಹೆತ್ತ ಮಗಳಲ್ಲವೇ. ಈ ಕಾಗದವನ್ನು ಅವಳೇ ನಿಮಗೆ ಓದಿ ಹೇಳಲಿ. ನಾನು ಚೆನ್ನಾಗಿದ್ದೇನೆ. ಹಾಗನ್ನುವುದು ಸರಿಯೋ ತಪ್ಪೋ ಗೊತ್ತಾಗುವುದಿಲ್ಲ, ಊಟ ಸೇರುತ್ತದೆ.

ನಿಮ್ಮ ಮಗ ಲಸ್ಸಾದ್ ತೀರಿಕೊಂಡ ಎಣ್ಣೆ ಗಿರಣಿಗೇ ಆಲಿವ್ ಕಾಯಿ ಆರಿಸಲು ಹೋಗುತ್ತಿದ್ದೇನೆ, ಬೇರೆ ಕೆಲಸ ಸಿಗಲಿಲ್ಲ. ಕಾಯಿ ಹಿಂಡಿದ ಕಪ್ಪು ನೀರು ನಿಲ್ಲುವ, ಅವನ ಜೀವ ತೆಗೆದ ಆ ನೆಲದಡಿಯ ತೊಟ್ಟಿಯನ್ನು ಈ ವರ್ಷವೂ ಬಳಿದು ತೊಳೆಯಬೇಕಲ್ಲ, ಸೋಮವಾರ ಅದರೊಳಗಿನ ವಿಷಗಾಳಿ ಅಳೆಯಲು ವಿಶ್ವವಿದ್ಯಾಲಯದಿಂದ ಉಮೈಮಾ ಎಂಬ ಹುಡುಗಿ ಬಂದಿದ್ದಳು. ಕೂದಲಿನಷ್ಟು ಸಣ್ಣ ಗಾಜಿನ ಎಳೆಯೊಂದನ್ನು ತೊಟ್ಟಿಗೆ ಇಳಿಬಿಟ್ಟಳು. ಮಾಲೀಕ ಹಾಜಿ ತಿಜಾನಿ ನಕ್ಕುಬಿಟ್ಟರು. "ಏನಮ್ಮಾ, ಮೀನು ಹಿಡಿಯೋಕೆ ಬಂದ್ಯಾ? ನನ್ನ ಮೂಗು ನಲವತ್ತು ವರ್ಷದಿಂದ ಇಲ್ಲೇ ಇದೆ, ಅದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ."

ಎಳೆಯ ತುದಿಗೆ ಬೆಳ್ಳಿಯ ಲೇಪವಂತೆ, ಕಣ್ಣಿಗೆ ಕಾಣದಷ್ಟು ತೆಳು. ಒಳಗೆ ಬಿಟ್ಟ ಬೆಳಕಿನಲ್ಲಿ ಒಂದು ಬಣ್ಣವನ್ನು ಬೆಳ್ಳಿ ನುಂಗುತ್ತದೆ. ವಿಷಗಾಳಿ ತಾಗಿದರೆ ನುಂಗುವ ಬಣ್ಣವೇ ಬದಲಾಗುತ್ತದೆ. ಕೆಳಗೆ ಹೋಗುವುದು ಬೆಳಕು ಮಾತ್ರ, ಕರೆಂಟಲ್ಲ, ಹಾಗಾಗಿ ಕಿಡಿಯ ಭಯವಿಲ್ಲ ಎಂದಳು. ಬೆಳ್ಳಿ ಕಡಗ ಕಪ್ಪಾಗುವುದನ್ನು ಕಂಡಿದ್ದೇನೆ. ಬೆಳಕಿಗೆ ವಾಸನೆ ಹೇಗೆ ಗೊತ್ತಾಗುತ್ತದೋ ಎರಡು ಸಲ ಕೇಳಿದರೂ ತಲೆಗೆ ಹತ್ತಲಿಲ್ಲ.

ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ನಾತ. ನಾವೆಲ್ಲ ದೂರ ಸರಿದೆವು, ಹಾಜಿ ಮಾತ್ರ ಹಟ ಹಿಡಿದು ತೊಟ್ಟಿಯ ಬಾಯಲ್ಲೇ ನಿಂತರು. ಸ್ವಲ್ಪ ಹೊತ್ತಿಗೆ, "ನೋಡಿ, ವಾಸನೆ ಹೋಯ್ತು. ಇಳೀರೋ ಒಬ್ಬ!" ಎಂದು ಕೂಗಿದರು. ಹುಡುಗಿಯ ಕಂಪ್ಯೂಟರ್ ಪರದೆಯಲ್ಲಿ ವಿಷ ತೋರಿಸುವ ಗೆರೆ ಮಾತ್ರ ಇನ್ನೂ ಆಚೆಗೆ ಓಡಿತ್ತು. ಹುಡುಗಿ ಅವರ ತೋಳು ಹಿಡಿದು ಎಳೆದಳು. "ಹಾಜಿ, ಹಿಂದೆ ಬನ್ನಿ! ಗಾಳಿ ಹೋಗಿಲ್ಲ, ನಿಮ್ಮ ಮೂಗು ಹೋಗಿದೆ! ವಿಷ ಜಾಸ್ತಿಯಾದ್ರೆ ಮೂಗಿಗೆ ಏನೂ ಗೊತ್ತಾಗಲ್ಲ."

ನಾನು ಖಾಲಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಅಂಥ ನಾತದೊಳಗೆ ಇಳಿಯಬೇಕಾದರೆ ಕುಡಿದಿರಲೇಬೇಕು ಎಂದು ಊರು ಹತ್ತು ತಿಂಗಳಿಂದ ಲಸ್ಸಾದ್‌ನನ್ನು ಆಡಿಕೊಳ್ಳುತ್ತಿತ್ತು. ಆ ನಾಚಿಕೆಗೇ ನೀವು ಊರು ಬಿಟ್ಟಿರಿ. ಅಮ್ಮಾ, ಅವನು ಕುಡಿದಿರಲಿಲ್ಲ. ಇಳಿಯುವಾಗ ಅವನಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಹಾಜಿಯೂ ಈಗ ಎಲ್ಲರೆದುರು ಹಾಗೇ ಹೇಳುತ್ತಿದ್ದಾರೆ. ನೀವು ತಲೆ ಎತ್ತಿ ಊರಿಗೆ ಬರಬಹುದು. ನನಗೆ ಸಮಾಧಾನ ಆಗಬೇಕಿತ್ತು. ಆಗಿದೆಯೋ ಇಲ್ಲವೋ ತಿಳಿಯುತ್ತಿಲ್ಲ.

ದೇವರು ನಿಮ್ಮ ಕಾಲಿಗೆ ಬಲ ಕೊಡಲಿ. ನಝೀಹಾಳ ಮಕ್ಕಳಿಗೆ ಮುತ್ತು.

ನಿಮ್ಮ ಸೊಸೆ,
ಸಾಲ್ಹಾ

ಮರೆತ ಮಾತು: ನಝೀಹಾ, ಇದನ್ನೂ ಗಟ್ಟಿಯಾಗಿ ಓದು, ನುಂಗಬೇಡ. ಅಮ್ಮಾ, ಆವತ್ತು ಬುತ್ತಿ ಒಯ್ದಾಗ ಅವನು ತೊಟ್ಟಿಯ ಬಾಯಲ್ಲಿ ಕೂತಿದ್ದ. "ವಾಸನೆ ಹೋಯ್ತು ಕಣೇ. ಇಳೀಲಾ, ಇನ್ನೊಂಚೂರು ಕಾಯ್ಲಾ?" ಎಂದು ಕೇಳಿದ. "ಹೋಯ್ತಲ್ಲ, ಮತ್ತೇನು ಕಾಯ್ತೀಯಾ? ಕುಸ್‌ಕುಸ್ ಆರುತ್ತೆ, ಬೇಗ ಮುಗಿಸಿ ಬಾ" ಎಂದವಳು ನಾನು. ಊರು ಅವನನ್ನು ಕುಡುಕ ಎಂದಾಗ ಬಾಯಿ ಬಿಡಲಿಲ್ಲ, ಆ ಸುಳ್ಳಿನ ಹಿಂದೆ ಅಡಗಿ ಕೂತೆ. ಇನ್ನು ನಿಮ್ಮನ್ನು ಅಮ್ಮಾ ಅನ್ನಬಹುದೋ ಬೇಡವೋ, ನೀವೇ ಹೇಳಿ ಕಳಿಸಿ.